ಇಳಿಯಬಾರದ ಕಲ್ಲು

ಬೆಂಗಳೂರು-ಹೈದರಾಬಾದ್ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿ ಕಡೆಗೆ ಹೊರಟರೆ ಪೆರೇಸಂದ್ರ ಸಿಗುತ್ತದೆ. ಈ ಸೀಮೆಯಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ ‘ಕಲ್ಲಿದೆ’ ಎಂಬ ರಿಪೋರ್ಟ್ ಹಿಡಿದು ಮನೆಗೆ ಬಂದವರಿಗೆ ಸಲಹೆಗಳ ಬರವಿಲ್ಲ. ಬಾಳೆದಿಂಡಿನ ರಸ ಕುಡಿ ಎನ್ನುತ್ತಾರೆ ಒಬ್ಬರು. ಹುರುಳಿಕಟ್ಟಿಗಿಂತ ಔಷಧ ಬೇಕೇ ಎನ್ನುತ್ತಾರೆ ಇನ್ನೊಬ್ಬರು. ಬೋರ್‌ವೆಲ್ ನೀರು ಕುಡಿದದ್ದರಿಂದಲೇ ಹೀಗಾಯಿತು, ಇನ್ನಾದರೂ ಫಿಲ್ಟರ್ ನೀರು ತರಿಸಿಕೋ ಎಂಬ ಬುದ್ಧಿಮಾತೂ ಬರುತ್ತದೆ. ಆಪರೇಷನ್ ಇಲ್ಲದೆ ಕಲ್ಲು ಹೋಗುವುದೇ ಎಂಬುದು ಎಲ್ಲರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕೆ ಮೊದಲು ರಿಪೋರ್ಟಿನಲ್ಲಿ ಇನ್ನೊಂದು ಪದವನ್ನು ಹುಡುಕಬೇಕು: ಕಲ್ಲು ಇರುವುದು ಮೂತ್ರಪಿಂಡದಲ್ಲೋ, ಪಿತ್ತಕೋಶದಲ್ಲೋ?

ಎರಡಕ್ಕೂ ‘ಸ್ಟೋನ್’ ಎಂದೇ ಹೆಸರಾದರೂ ಇವು ಒಂದಕ್ಕೊಂದು ನೆಂಟರಲ್ಲ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ನೀರು ಹೆಚ್ಚು ಕುಡಿದರೆ ಮೂತ್ರ ಹೆಚ್ಚುತ್ತದೆ, ಸಣ್ಣ ಕಲ್ಲು ಅದರ ಜೊತೆ ಇಳಿದು ಹೋಗುತ್ತದೆ, ರೋಗಿ ನಿಟ್ಟುಸಿರು ಬಿಡುತ್ತಾನೆ. ಪಿತ್ತಕೋಶದ್ದು ಬೇರೆಯೇ ಕಥೆ. ಅದು ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡ, 30ರಿಂದ 50 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲ. ಕುಡಿದ ಬಾಳೆದಿಂಡಿನ ರಸ ಅದರ ಒಳಗೆ ಹೋಗುವ ದಾರಿಯೇ ಇಲ್ಲ. ಚೀಲದಿಂದ ಹೊರಡುವ ಕೊಳವೆ ಕೆಲವೇ ಮಿಲಿಮೀಟರ್ ಅಗಲ. ಮುಂದೆ ಅದು ಯಕೃತ್ತಿನಿಂದ ಬರುವ ನಾಳವನ್ನು ಕೂಡಿಕೊಂಡು, ಮೇದೋಜೀರಕ ಗ್ರಂಥಿಯ ನಾಳ ತೆರೆಯುವ ಬಾಗಿಲಿನಲ್ಲೇ ಕರುಳಿಗೆ ತೆರೆಯುತ್ತದೆ. ಕಲ್ಲು ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರೆ ಪಿತ್ತ ಹಿಂದಕ್ಕೆ ತುಂಬಿ ಕಾಮಾಲೆ, ಸೋಂಕು ತಗುಲಿದರೆ ಚಳಿಜ್ವರ, ಮೇದೋಜೀರಕದ ಬಾಯಿ ಮುಚ್ಚಿದರೆ ಜೀವಕ್ಕೇ ಕುತ್ತಾಗಬಲ್ಲ ಉರಿಯೂತ. ಮೂತ್ರಪಿಂಡದ ಕಲ್ಲು ಇಳಿದರೆ ಗುಣ. ಪಿತ್ತಕೋಶದ ಕಲ್ಲು ಇಳಿದರೆ ಅಪಾಯ. ‘ಕಲ್ಲನ್ನು ಹೊರಗೆ ತಳ್ಳುವ’ ಔಷಧಿ ಯಾರಾದರೂ ಹೇಳಿದರೆ ಮೊದಲು ನೆನಪಾಗಬೇಕಾದ ಮಾತು ಇದು.

ಬೋರ್‌ವೆಲ್ ನೀರಿನ ಆರೋಪವನ್ನೂ ಇಲ್ಲೇ ತೀರಿಸಬಹುದು. ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ ಇರುವುದು ನಿಜ. ಅದು ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ, ಅದಕ್ಕಾಗಿ ಶುದ್ಧ ನೀರು ಬೇಕೇ ಬೇಕು. ಆದರೆ ಪಿತ್ತಕೋಶದ ಕಲ್ಲು ನೀರಿನ ಗಡಸಿನಿಂದ ಹುಟ್ಟುವುದಲ್ಲ. ಅದರ ಸರಕು ದೇಹದ ಒಳಗಿನದೇ: ಕೊಲೆಸ್ಟರಾಲ್, ಅಥವಾ ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಉಳಿಯುವ ಬಿಲಿರುಬಿನ್ ಎಂಬ ವರ್ಣದ್ರವ್ಯ.

ಪಿತ್ತರಸದ ಲವಣಗಳು ಕೊಲೆಸ್ಟರಾಲನ್ನು ಕರಗಿಸಿ ಹಿಡಿದಿಟ್ಟುಕೊಂಡಿರುತ್ತವೆ. ಕೊಲೆಸ್ಟರಾಲ್ ಅತಿಯಾದರೆ ಹರಳು ಕಟ್ಟುತ್ತದೆ. ಇಷ್ಟು ಹಳೆಯ ವಿಷಯ. ಆದರೆ ಆ ಸೂಕ್ಷ್ಮ ಹರಳುಗಳು ಒಂದಕ್ಕೊಂದು ಅಂಟಿ ಕಲ್ಲಾಗುವುದು ಹೇಗೆಂಬುದು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. 2019ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ಲೂಯಿಸ್ ಮುನ್ಯೋಸ್, ಮಾರ್ಟಿನ್ ಹೆರ್ಮನ್ ಮತ್ತು ಸಂಗಡಿಗರು ‘ಇಮ್ಯುನಿಟಿ’ ಪತ್ರಿಕೆಯಲ್ಲಿ ಕೊಟ್ಟ ಉತ್ತರ ಬೆರಗು ಹುಟ್ಟಿಸುವಂಥದ್ದು. ಆ ಅಂಟು ನಮ್ಮದೇ ಡಿಎನ್‌ಎ! ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಕಾವಲುಗಾರ ಜಾತಿಯಿದೆ. ರೋಗಾಣುಗಳನ್ನು ಹಿಡಿಯಲು ಅವು ಕೆಲವೊಮ್ಮೆ ತಮ್ಮ ಡಿಎನ್‌ಎಯನ್ನೇ ಬಿಚ್ಚಿ ಬಲೆಯಾಗಿ ಹೊರಗೆ ಚೆಲ್ಲುತ್ತವೆ. ಪಿತ್ತಕೋಶದ ಹರಳುಗಳನ್ನು ಕಂಡಾಗಲೂ ಅವು ಹಾಗೆಯೇ ಮಾಡುತ್ತವೆ. ಸಕ್ಕರೆ ಪಾಕದಲ್ಲಿ ಇಳಿಬಿಟ್ಟ ದಾರಕ್ಕೆ ಕಲ್ಲುಸಕ್ಕರೆ ಕಟ್ಟುವಂತೆ ಈ ಡಿಎನ್‌ಎ ಎಳೆಗಳಿಗೆ ಹರಳು ಅಂಟಿ, ಪದರದ ಮೇಲೆ ಪದರ ಸೇರಿ ಕಲ್ಲು ಬೆಳೆಯುತ್ತದೆ. ಮನುಷ್ಯರ ಪಿತ್ತಗಲ್ಲುಗಳನ್ನು ಪರೀಕ್ಷಿಸಿದಾಗಲೂ ಡಿಎನ್‌ಎ ಸಿಕ್ಕಿತು. ನ್ಯೂಟ್ರೋಫಿಲ್‌ಗಳ ಓಡಾಟ ತಗ್ಗಿಸುವ ಮೆಟೊಪ್ರೊಲಾಲ್ ಎಂಬ ಬಿ.ಪಿ. ಮಾತ್ರೆಯನ್ನು ಇಲಿಗಳಿಗೆ ಕೊಟ್ಟಾಗ ಕಲ್ಲಿನ ಬೆಳವಣಿಗೆ ಕುಗ್ಗಿತು. ಇದು ಇನ್ನೂ ಇಲಿಗಳ ಮಟ್ಟದ ಸಂಗತಿ. ಯಾರೂ ಅಂಗಡಿಗೆ ಹೋಗಿ ಆ ಮಾತ್ರೆ ಕೊಳ್ಳಬಾರದು. ಆದರೂ ಮುಂದೊಂದು ದಿನ ಬರಬಹುದಾದ ಔಷಧಿಯ ದಿಕ್ಕು ಇದರಲ್ಲಿ ಕಾಣುತ್ತದೆ.

ಹಾಲಿನ ಡೇರಿಗಳ ಈ ಜಿಲ್ಲೆಯವರಿಗೆ ಹತ್ತಿರದ ಇನ್ನೊಂದು ಪಿತ್ತಗಲ್ಲೂ ಇದೆ. ಆಯುರ್ವೇದದ ಗೋರೋಚನ ಎಂದರೆ ದನದ ಪಿತ್ತಕೋಶದ ಕಲ್ಲು. ಅದು ಬಹುಪಾಲು ಬಿಲಿರುಬಿನ್. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಅದಕ್ಕೆ ಎಷ್ಟು ಬೇಡಿಕೆಯೆಂದರೆ ಪೇಟೆಯಲ್ಲಿ ಚಿನ್ನಕ್ಕಿಂತ ದುಬಾರಿಯಾಗಿ ಮಾರಾಟವಾದದ್ದೂ ಉಂಟು.

ಈಗ ಮೊಬೈಲಿನಿಂದ ಮೊಬೈಲಿಗೆ ಹಾರುವ ಆ ‘ಅದ್ಭುತ ಚಿಕಿತ್ಸೆ’ಗೆ ಬರೋಣ. ಸೇಬಿನ ರಸ ಕುಡಿದು ಉಪವಾಸವಿರಬೇಕು, ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿಯಬೇಕು, ಬೆಳಗ್ಗೆ ಮಲದಲ್ಲಿ ಹಸಿರು ಗೋಲಿಗಳು ಉದುರುತ್ತವೆ, ಅವೇ ಕಲ್ಲುಗಳು! ಫೋಟೊ ಸಮೇತ ಸಾಕ್ಷಿ ಇರುತ್ತದೆ. ಫೋಟೊ ಸುಳ್ಳಲ್ಲ, ಗೋಲಿಗಳು ನಿಜವಾಗಿಯೂ ಬರುತ್ತವೆ. ಆದ್ದರಿಂದಲೇ ಈ ನಂಬಿಕೆ ಇಷ್ಟು ಗಟ್ಟಿ.

ನ್ಯೂಜಿಲೆಂಡಿನಲ್ಲಿ ನಲವತ್ತು ವರ್ಷದ ಮಹಿಳೆಯೊಬ್ಬರು ಇದನ್ನೇ ಮಾಡಿದರು. ಸ್ಕ್ಯಾನಿನಲ್ಲಿ ಅವರ ಪಿತ್ತಕೋಶದೊಳಗೆ 1ರಿಂದ 2 ಸೆಂಟಿಮೀಟರಿನ ಹಲವು ಕಲ್ಲುಗಳಿದ್ದವು. ಸೇಬು, ತರಕಾರಿಗಳ ರಸದಲ್ಲೇ ದಿನ ಕಳೆದು, ಸಂಜೆಯ ನಂತರ 600 ಮಿಲಿಲೀಟರ್ ಆಲಿವ್ ಎಣ್ಣೆ ಮತ್ತು 300 ಮಿಲಿಲೀಟರ್ ನಿಂಬೆರಸವನ್ನು ಕೆಲವು ಗಂಟೆಗಳಲ್ಲಿ ಕುಡಿದರು. ಮರುದಿನ ಹಸಿರು ಗೋಲಿಗಳು ಬಂದವು. ಆಕೆ ಅವನ್ನು ಎಸೆಯದೆ ಫ್ರೀಜರಿನಲ್ಲಿಟ್ಟು ವೈದ್ಯರಿಗೆ ತಂದು ತೋರಿಸಿದ್ದು ವಿಜ್ಞಾನದ ಭಾಗ್ಯ. ಕ್ರಿಸ್ಟಿಯಾನ್ ಸೀಸ್ ಮತ್ತು ಜಿಮ್ ಬ್ರೂಕರ್ ಅವನ್ನು ಪರೀಕ್ಷಿಸಿ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಸೂಕ್ಷ್ಮದರ್ಶಕದಲ್ಲಿ ಹರಳಿನ ರಚನೆ ಕಾಣಲಿಲ್ಲ. 40 ಡಿಗ್ರಿ ಸೆಲ್ಸಿಯಸ್ ಬಿಸಿಗೆ, ಅಂದರೆ ಜೋರು ಜ್ವರದ ಕಾವಿಗೆ, ಹತ್ತೇ ನಿಮಿಷದಲ್ಲಿ ಕರಗಿ ಹಸಿರು ಎಣ್ಣೆಯಾದವು. ಕೊಲೆಸ್ಟರಾಲ್ ಇಲ್ಲ, ಬಿಲಿರುಬಿನ್ ಇಲ್ಲ, ಕ್ಯಾಲ್ಸಿಯಂ ಕೂಡ ಇಲ್ಲ. ಮುಕ್ಕಾಲು ಭಾಗ ಕೊಬ್ಬಿನಾಮ್ಲ!

ಅವು ಸಾಬೂನು. ಹೊಟ್ಟೆಯೊಳಗಿನ ಕಿಣ್ವಗಳು ಆಲಿವ್ ಎಣ್ಣೆಯನ್ನು ಒಡೆದಾಗ ಕೊಬ್ಬಿನಾಮ್ಲ ಸಿಗುತ್ತದೆ. ನಿಂಬೆರಸದಲ್ಲಿ ಪೊಟ್ಯಾಶಿಯಂ ಧಾರಾಳವಾಗಿದೆ. ಎರಡೂ ಕೂಡಿದರೆ ಆಗುವುದು ಪೊಟ್ಯಾಶಿಯಂ ಸಾಬೂನು. ಸಂಶೋಧಕರು ಇದನ್ನು ಬಾಯಿಮಾತಿಗೆ ಬಿಡಲಿಲ್ಲ. ಆಲಿವ್ ಎಣ್ಣೆಯ ಮುಖ್ಯ ಅಂಶವಾದ ಓಲಿಕ್ ಆಮ್ಲಕ್ಕೆ ಅಷ್ಟೇ ನಿಂಬೆರಸ ಬೆರೆಸಿ, ಸ್ವಲ್ಪ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿದರು. ಪ್ರಯೋಗಾಲಯದ ಪಾತ್ರೆಯಲ್ಲೇ ಮೆತ್ತನೆಯ ಬಿಳಿ ಉಂಡೆಗಳು ಕಟ್ಟಿದವು, ಗಾಳಿಗೆ ಒಣಗಿ ಗಟ್ಟಿಯಾದವು. ಗೋಲಿಗಳು ಪಿತ್ತಕೋಶದಿಂದ ಇಳಿದದ್ದಲ್ಲ, ಕುಡಿದ ಮದ್ದಿನಿಂದಲೇ ಕರುಳಿನಲ್ಲಿ ತಯಾರಾದವು. ಪಿತ್ತಕೋಶದಲ್ಲಿ ಕಲ್ಲೇ ಇಲ್ಲದವರಿಗೂ ಅವು ಬರಬಹುದು, ಮತ್ತೆ ಕುಡಿದರೆ ಮತ್ತೆ ಬರಬಹುದು. ಆ ಮಹಿಳೆಯ ನಿಜವಾದ ಕಲ್ಲುಗಳು ಇದ್ದಲ್ಲೇ ಇದ್ದವು. ಕೊನೆಗೆ ಅವನ್ನು ಪಿತ್ತಕೋಶದ ಸಮೇತ ಶಸ್ತ್ರಚಿಕಿತ್ಸೆಯಿಂದಲೇ ತೆಗೆದರು.

ಇದರಲ್ಲಿ ನಷ್ಟವೇನು, ಹೊಟ್ಟೆ ಸ್ವಚ್ಛವಾಯಿತಲ್ಲ ಎನ್ನುವವರಿದ್ದಾರೆ. ಕೊಬ್ಬು ಕರುಳಿಗೆ ಇಳಿದ ಕೂಡಲೇ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಪಿತ್ತಕೋಶವನ್ನು ಹಿಂಡುತ್ತದೆ. ಬಾಡೂಟದ ರಾತ್ರಿ ಬಲಪಕ್ಕೆಲುಬಿನ ಕೆಳಗೆ ನೋವು ಏಳುವುದು ಇದೇ ಕಾರಣಕ್ಕೆ. ಎಷ್ಟೋ ಜನ ಅದನ್ನು ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗುತ್ತಾರೆ. ಕಲ್ಲು ತುಂಬಿದ ಪಿತ್ತಕೋಶವಿರುವವರು ಅರ್ಧ ಲೀಟರಿಗೂ ಹೆಚ್ಚು ಎಣ್ಣೆ ಕುಡಿಯುವುದೆಂದರೆ ಕಲ್ಲನ್ನು ಆ ಇಕ್ಕಟ್ಟಿನ ಕೊಳವೆಗೆ ದಬ್ಬುವ ಸಾಹಸ. ಇದನ್ನು ಹಂಚುವವರು ಪುಣ್ಯದ ಕೆಲಸ ಮಾಡುತ್ತಿಲ್ಲ.

ಹಾಗಾದರೆ ಶಸ್ತ್ರಚಿಕಿತ್ಸೆಗೆ ಪರ್ಯಾಯವೇ ಇಲ್ಲವೇ? ಇದೆ. ಎಲ್ಲಕ್ಕಿಂತ ಒಳ್ಳೆಯ ಪರ್ಯಾಯ ಸುಮ್ಮನಿರುವುದು. ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಕಲ್ಲು ಕಂಡಿದೆ, ಅದರಿಂದ ಎಂದೂ ನೋವಾಗಿಲ್ಲ ಎಂದರೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ 123 ಅಧ್ಯಾಪಕರಲ್ಲಿ ಹೀಗೆ ಮೌನವಾಗಿದ್ದ ಕಲ್ಲುಗಳನ್ನು ವರ್ಷಗಟ್ಟಲೆ ಗಮನಿಸಿದ ವರದಿ 1982ರಲ್ಲಿ ಬಂತು. ಹತ್ತು ವರ್ಷದೊಳಗೆ ನೋವು ಕಂಡವರು ಸುಮಾರು ಶೇ 15, ಇಪ್ಪತ್ತು ವರ್ಷಕ್ಕೆ ಶೇ 18. ಉಳಿದವರು ಕಲ್ಲಿನೊಂದಿಗೇ ನೆಮ್ಮದಿಯಾಗಿದ್ದರು. ಮೂರು ಸೆಂಟಿಮೀಟರ್ ಮೀರಿದ ಕಲ್ಲು, ಸುಣ್ಣಗಟ್ಟಿದ ಗೋಡೆ, ದೊಡ್ಡ ಪಾಲಿಪ್ ಇದ್ದರೆ ಮಾತು ಬೇರೆ. ಅಲ್ಲಿ ಕ್ಯಾನ್ಸರ್ ಭಯವಿದೆ. ಗಂಗಾ ಬಯಲಿನ ರಾಜ್ಯಗಳಲ್ಲಿ ಪಿತ್ತಕೋಶದ ಕ್ಯಾನ್ಸರ್ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಕಲ್ಲುಗಳ ಲೆಕ್ಕವೂ ಹೀಗೆಯೇ. ರೈಲ್ವೆ ನೌಕರರನ್ನು ಅಧ್ಯಯನ ಮಾಡಿದ ಡಾ. ಎಸ್.ಎಲ್. ಮಲ್ಹೋತ್ರಾ, ದಕ್ಷಿಣದವರಿಗಿಂತ ಉತ್ತರದವರಲ್ಲಿ ಪಿತ್ತಗಲ್ಲು ಸುಮಾರು ಏಳು ಪಟ್ಟು ಹೆಚ್ಚೆಂದು 1968ರಲ್ಲೇ ವರದಿ ಮಾಡಿದ್ದರು.

ಒಂದೆರಡು ಸಲ ನೋವು ಬಂದವರಿಗೂ ಕಾಯುವ ದಾರಿ ಪೂರ್ತಿ ಮುಚ್ಚಿಲ್ಲ. ಬ್ರಿಟನ್ನಿನಲ್ಲಿ ಇಂಥ 434 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ನೋವುನಿವಾರಕ ಮತ್ತು ಆಹಾರದ ಸಲಹೆ ಎಂದು ಹಂಚಿ ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹದಿನೆಂಟು ತಿಂಗಳ ಅವಧಿಯಲ್ಲಿ ನೋವಿನ ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಕಾಯುವ ಗುಂಪಿನಲ್ಲಿ ಅಷ್ಟರೊಳಗೆ ಆಪರೇಷನ್ ಬೇಕಾದವರು ನಾಲ್ಕರಲ್ಲಿ ಒಬ್ಬರು. ಇವರೆಲ್ಲ ಜ್ವರ, ಕಾಮಾಲೆ, ಮೇದೋಜೀರಕದ ಉರಿಯೂತ ಇಲ್ಲದವರು ಎಂಬುದನ್ನು ಮಾತ್ರ ಮರೆಯಬಾರದು.

ಕಲ್ಲು ಕರಗಿಸುವ ಮಾತ್ರೆಯೂ ಉಂಟು, ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಕರಡಿಯ ಪಿತ್ತದಲ್ಲಿ ಹೇರಳವಾಗಿರುವ ವಸ್ತುವಿದು. ಕರಡಿ ಪಿತ್ತದ ಆಸೆಗೆ ಏಷ್ಯಾದಾದ್ಯಂತ ಕರಡಿಗಳು ಪಟ್ಟ ಹಿಂಸೆ ಅಷ್ಟಿಷ್ಟಲ್ಲ. ಇಂದಿನ ಮಾತ್ರೆಗೆ ಕರಡಿಯ ಅಗತ್ಯವಿಲ್ಲ, ಅದನ್ನು ಹೆಚ್ಚಾಗಿ ದನದ ಪಿತ್ತರಸದಿಂದ ರಾಸಾಯನಿಕವಾಗಿ ತಯಾರಿಸುತ್ತಾರೆ. ಆದರೆ ಅದು ಕರಗಿಸುವುದು ಕ್ಯಾಲ್ಸಿಯಂ ಕಟ್ಟದ, ಸಣ್ಣ ಕೊಲೆಸ್ಟರಾಲ್ ಕಲ್ಲುಗಳನ್ನು ಮಾತ್ರ. ಆರು ತಿಂಗಳಿಂದ ಎರಡು ವರ್ಷ ನುಂಗಬೇಕು. ಕರಗಿದರೂ ಐದು ವರ್ಷದೊಳಗೆ ಅರ್ಧದಷ್ಟು ಜನರಲ್ಲಿ ಮರಳುತ್ತವೆ. ಬಿಲಿರುಬಿನ್ ಕಲ್ಲುಗಳ ಮೇಲೆ ಅದರ ಆಟ ನಡೆಯದು, ದಕ್ಷಿಣ ಭಾರತೀಯರಲ್ಲಿ ಅವುಗಳ ಪಾಲು ಉತ್ತರದವರಿಗಿಂತ ಹೆಚ್ಚು. ಜರ್ಮನಿಯ ವೈದ್ಯರು 1985ರಲ್ಲಿ ಆಘಾತ ತರಂಗಗಳಿಂದ ಕಲ್ಲು ಒಡೆಯಲು ಹೊರಟರು, ಅಮೆರಿಕದವರು ಪಿತ್ತಕೋಶಕ್ಕೇ ಈಥರ್ ಜಾತಿಯ ದ್ರಾವಕ ಹಾಯಿಸಿ ಗಂಟೆಗಳಲ್ಲೇ ಕರಗಿಸಿದರು. ಚೀಲ ಉಳಿಯಿತು, ಅದು ಮತ್ತೆ ಕಲ್ಲು ಕಟ್ಟಿತು. ಎರಡೂ ವಿಧಾನಗಳು ಹೆಚ್ಚುಕಡಿಮೆ ಮೂಲೆ ಸೇರಿವೆ.

ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ 1882ರಲ್ಲಿ ಮೊದಲ ಬಾರಿಗೆ ಇಡೀ ಪಿತ್ತಕೋಶವನ್ನೇ ತೆಗೆದದ್ದು ಇದೇ ತರ್ಕದಿಂದ: ಕಲ್ಲು ಹುಟ್ಟುವ ಜಾಗವೇ ಹೋಗಬೇಕು. ಸಣ್ಣ ರಂಧ್ರಗಳ ಲ್ಯಾಪರೊಸ್ಕೋಪಿ ವಿಧಾನವನ್ನು ಭಾರತದಲ್ಲಿ ಮೊದಲು 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಮಾಡಿ ತೋರಿಸಿದವರು ಡಾ. ತೆಹೆಮ್‌ಟನ್ ಉಡ್ವಾಡಿಯಾ. ಪಿತ್ತಕೋಶವಿಲ್ಲದೆ ಬದುಕು ಹೇಗೆ ಎಂಬ ಭಯ ಬೇಡ. ಕುದುರೆ, ಆನೆ, ಪಾರಿವಾಳಗಳಿಗೆ ಹುಟ್ಟಿನಿಂದಲೇ ಅದಿಲ್ಲ. ಪಿತ್ತರಸ ತಯಾರಿಸುವುದು ಯಕೃತ್ತು. ಚೀಲ ಹೋದರೆ ಆ ರಸ ನೇರ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಸ್ವಲ್ಪ ಕಾಲ ಭೇದಿಯಾಗಬಹುದು. ಪಿತ್ತನಾಳಕ್ಕೆ ಪೆಟ್ಟಾಗುವ ಅಪಾಯ ಸಾವಿರಕ್ಕೆ ಮೂರರಿಂದ ಐದು ಮಂದಿಗಿದೆ, ಅನುಭವಿ ಕೈ ಬೇಕೆನ್ನುವುದು ಅದಕ್ಕೇ. ಕಲ್ಲು ನಾಳಕ್ಕೆ ಜಾರಿದ್ದರೆ ಬಾಯಿಯ ಮೂಲಕ ಎಂಡೊಸ್ಕೋಪ್ ಇಳಿಸಿ ಅದನ್ನು ಹೊರತೆಗೆಯಬಹುದು.

ಕೊನೆಗೊಂದು ಕಠಿಣ ಮಾತು. ಕಣ್ಣು ಹಳದಿಯಾದ ಕೂಡಲೇ ನಾಟಿ ಮದ್ದು ಹುಡುಕಿಕೊಂಡು ಹೋಗುವ, ಕೈಗೆ ಬರೆ ಹಾಕಿಸುವ ಪದ್ಧತಿ ಇನ್ನೂ ಜೀವಂತವಾಗಿದೆ. ವೈರಸ್ಸಿನಿಂದ ಬಂದ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ, ಕೀರ್ತಿ ಬರೆ ಹಾಕಿದವರಿಗೆ ಸಲ್ಲುತ್ತದೆ. ಕಲ್ಲು ಸಿಕ್ಕಿಕೊಂಡು ಬಂದ ಕಾಮಾಲೆ ಹಾಗೆ ಇಳಿಯುತ್ತದೆಂದು ನಂಬಿ ಕೂರುವಂತಿಲ್ಲ. ಕೀವು ತುಂಬಿ, ಸೋಂಕು ರಕ್ತಕ್ಕೇರಿ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಬರೆ ಎಳೆದರೆ ಉಳಿಯುವುದು ಸುಟ್ಟ ಗಾಯವೊಂದೇ.

ಬಲಹೊಟ್ಟೆಯ ಮೇಲ್ಭಾಗದಲ್ಲಿ ಗಂಟೆಗಟ್ಟಲೆ ಬಿಡದ ನೋವು, ಚಳಿಜ್ವರ, ಹಳದಿ ಕಣ್ಣು, ಗಾಢ ಬಣ್ಣದ ಮೂತ್ರ, ಬಿಳಚಿದ ಮಲ: ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಪೆರೇಸಂದ್ರದವರು ಬೆಂಗಳೂರಿಗೇ ಓಡಬೇಕೆಂದಿಲ್ಲ, ಸಮೀಪದ ಅರೂರಿನಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಹೋಗುವಾಗ ಹಳೆಯ ಸ್ಕ್ಯಾನ್ ರಿಪೋರ್ಟನ್ನು ಮರೆಯದೆ ಕೈಯಲ್ಲಿ ಹಿಡಿದುಕೊಳ್ಳಿ.