ಮೈ ಮೇಲೆ, ಭಾರ ಕೆಳಗೆ!

1968ರ ಅಕ್ಟೋಬರ್ 20. ಮೆಕ್ಸಿಕೋ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಎತ್ತರ ಜಿಗಿತದ ಅಂತಿಮ ಸ್ಪರ್ಧೆ. ಅಡ್ಡಪಟ್ಟಿಯು 2 ಮೀಟರ್ 24 ಸೆಂಟಿಮೀಟರ್ ಎತ್ತರದಲ್ಲಿದೆ. ಸಾಧಾರಣ ಮನೆಯ ಬಾಗಿಲಿಗಿಂತಲೂ ಎತ್ತರ. ಅಮೆರಿಕದ ಇಪ್ಪತ್ತೊಂದು ವರ್ಷದ ತರುಣ ಡಿಕ್ ಫಾಸ್‌ಬರಿ ಎರಡು ಸಲ ಯತ್ನಿಸಿ ಸೋತಿದ್ದಾನೆ. ಉಳಿದಿರುವುದು ಒಂದೇ ಅವಕಾಶ. ಮುಷ್ಟಿಗಳನ್ನು ಬಿಗಿಯುತ್ತ, ಸಡಿಲಿಸುತ್ತ, ಹಿಂದಕ್ಕೂ ಮುಂದಕ್ಕೂ ತೂಗಾಡುತ್ತ ಬಹಳ ಹೊತ್ತು ನಿಂತ ಆತನು, ಬಿಲ್ಲಿನಂತೆ ಬಾಗಿದ ಹಾದಿಯಲ್ಲಿ ಓಡಿಬಂದು, ಪಟ್ಟಿಗೆ ಬೆನ್ನು ಕೊಟ್ಟು ಮೇಲಕ್ಕೆ ನೆಗೆದನು! ಮೊದಲು ತಲೆ ದಾಟಿತು. ಬಳಿಕ ಭುಜ, ಕಮಾನಿನಂತೆ ಬಾಗಿದ ಬೆನ್ನು, ಕಟ್ಟಕಡೆಗೆ ಕಾಲುಗಳು. ಪಟ್ಟಿ ಅಲುಗಲಿಲ್ಲ. ಒಲಿಂಪಿಕ್ ದಾಖಲೆಯೊಡನೆ ಚಿನ್ನದ ಪದಕ ಅವನದಾಯಿತು.

ಕೆಲವೇ ವರ್ಷಗಳ ಹಿಂದೆ, ಆರೆಗಾನ್ ಸಂಸ್ಥಾನದ ಮೆಡ್‌ಫರ್ಡ್ ಊರಿನ ಶಾಲೆಯಲ್ಲಿ ಓದುತ್ತಿದ್ದಾಗ, ಇದೇ ಹುಡುಗನಿಗೆ 5 ಅಡಿ ಹಾರುವುದೇ ದುಸ್ತರವಾಗಿತ್ತು. ಆಗ ಬಲ್ಲವರೆಲ್ಲ ಹೊಟ್ಟೆಯನ್ನು ಪಟ್ಟಿಯ ಕಡೆಗೆ ಮಾಡಿ, ಅದರ ಮೇಲೆ ಉರುಳಿ ದಾಟುತ್ತಿದ್ದರು. ಅದು ಅವನಿಗೆ ಒಗ್ಗಲೇ ಇಲ್ಲ. ಬೇಸತ್ತ ಹುಡುಗ ಚಿಕ್ಕಂದಿನಲ್ಲಿ ಕಲಿತಿದ್ದ ಕತ್ತರಿಗಾಲಿನ ನೆಗೆತಕ್ಕೆ ಮರಳಿದನು. ಅದರಲ್ಲಿ ಕುಳಿತ ಭಂಗಿಯಲ್ಲಿ ದಾಟಬೇಕು. ಹಿಂಭಾಗ ಪಟ್ಟಿಗೆ ತಗಲುತ್ತದೆ. 1963ರ ಒಂದು ಪಂದ್ಯದಲ್ಲಿ ಸೊಂಟವನ್ನು ಎತ್ತಲೆಂದು ಭುಜಗಳನ್ನು ಹಿಂದಕ್ಕೆ ವಾಲಿಸಿದನು. ಒಂದೇ ದಿನದಲ್ಲಿ ಅವನ ಎತ್ತರ ಅರ್ಧ ಅಡಿ ಏರಿತು. ನೋಡಿದವರಿಗೆ ನಗು. ಊರಿನ ಪತ್ರಿಕೆಯೊಂದು ದೋಣಿಯೊಳಗೆ ಬಿದ್ದು ಹೊರಳಾಡುವ ಮೀನಿಗೆ ಅವನನ್ನು ಹೋಲಿಸಿತು.

ನಗುವವರಿಗೆ ಕಾಣದೆ ಹೋದದ್ದು ಭೂಮಿಯ ಲೆಕ್ಕ. ಯಾವುದೇ ವಸ್ತುವನ್ನು ಮೇಲೆತ್ತಿದರೆ ಅದಕ್ಕಾಗಿ ವ್ಯಯಿಸಿದ ಶಕ್ತಿಯು ಪ್ರಚ್ಛನ್ನ ಶಕ್ತಿಯಾಗಿ ಸಂಚಯವಾಗುತ್ತದೆ. ಅದನ್ನು ಅಳೆಯುವಾಗ ತಲೆ ಎಲ್ಲಿದೆ, ಕಾಲು ಎಲ್ಲಿದೆ ಎಂದು ಬೇರೆಬೇರೆಯಾಗಿ ವಿಚಾರಿಸಬೇಕಾಗಿಲ್ಲ. ಇಡೀ ದೇಹದ ಭಾರ ಒಂದೇ ಬಿಂದುವಿನಲ್ಲಿ ನೆಲೆಸಿದೆಯೆಂದು ಭಾವಿಸಿ, ಆ ಗುರುತ್ವ ಕೇಂದ್ರವು ಎಷ್ಟು ಏರಿತೆಂದು ಕೇಳಿದರೆ ಸಾಕು. ನೆಟ್ಟಗೆ ನಿಂತವನಲ್ಲಿ ಅದು ಹೊಕ್ಕುಳಿನ ಆಸುಪಾಸಿನಲ್ಲಿ, ದೇಹದೊಳಗೇ ಇರುತ್ತದೆ. ಆದರೆ ಒಳಗೇ ಇರಬೇಕೆಂಬ ನಿಯಮವೇನೂ ಇಲ್ಲ. ತಟ್ಟೆಯಲ್ಲಿಟ್ಟ ಕೋಡುಬಳೆಯ ಗುರುತ್ವ ಕೇಂದ್ರ ಎಲ್ಲಿದೆ? ಹಿಟ್ಟಿನಲ್ಲಿಲ್ಲ, ನಡುವಣ ಬಯಲಿನಲ್ಲಿದೆ! ಬೆನ್ನನ್ನು ಹಿಂದಕ್ಕೆ ಬಗ್ಗಿಸಿದ ಜಿಗಿತಗಾರನೂ ಅರ್ಧ ಕೋಡುಬಳೆಯೇ. ಸೊಂಟ ಪಟ್ಟಿಯ ಮೇಲಿರುವಾಗ ತಲೆ, ತೋಳುಗಳು ಆಚೆಗೂ ಕಾಲುಗಳು ಈಚೆಗೂ ಇಳಿಬಿದ್ದಿರುತ್ತವೆ. ನಿಪುಣನಾದರೆ ಅವನ ಗುರುತ್ವ ಕೇಂದ್ರವು ಪಟ್ಟಿಯ ಕೆಳಗಿನಿಂದ ನುಸುಳಿ ಹೋಗುತ್ತದೆ. ದೇಹ ಮಾತ್ರ ಮೇಲಿನಿಂದ ದಾಟುತ್ತದೆ.

ಇದರಿಂದ ಆಗುವ ಉಳಿತಾಯ ಅಲ್ಪವಲ್ಲ. 70 ಕಿಲೋಗ್ರಾಂ ತೂಕದವನ ಗುರುತ್ವ ಕೇಂದ್ರವನ್ನು 10 ಸೆಂಟಿಮೀಟರ್ ಏರಿಸಲು ಸುಮಾರು 69 ಜೌಲ್ ಶಕ್ತಿ ಬೇಕು. 7 ಲೀಟರ್ ನೀರನ್ನು ಒಂದು ಮೀಟರ್ ಮೇಲೆತ್ತುವ ಕೆಲಸಕ್ಕೆ ಅದು ಸಮ. ಕತ್ತರಿಗಾಲಿನವನು ಗುರುತ್ವ ಕೇಂದ್ರವನ್ನು ಪಟ್ಟಿಗಿಂತ ಸುಮಾರು ಒಂದು ಗೇಣು ಮೇಲಕ್ಕೆ ಹೊತ್ತೊಯ್ಯಬೇಕಾಗಿತ್ತು.

ಇಲ್ಲಿ ಒಂದು ಭ್ರಾಂತಿಗೆ ಎಡೆಯುಂಟು. ಬೆನ್ನನ್ನು ಬಗ್ಗಿಸಿದುದರಿಂದ ಮನುಷ್ಯ ಇನ್ನಷ್ಟು ಮೇಲೇರುವನೆಂದು ತೋರಬಹುದು. ಹಾಗಲ್ಲ. ಪಾದ ನೆಲವನ್ನು ಬಿಟ್ಟ ಕ್ಷಣವೇ ಗುರುತ್ವ ಕೇಂದ್ರದ ಹಾದಿ ಎಸೆದ ಕಲ್ಲಿನ ಹಾದಿಯಂತೆ ನಿಶ್ಚಯವಾಗಿಬಿಡುತ್ತದೆ. ಗಾಳಿಯಲ್ಲಿ ಎಷ್ಟು ಒದ್ದಾಡಿದರೂ ಒಂದು ಅಂಗ ಏರಿದರೆ ಇನ್ನೊಂದು ಇಳಿಯಲೇಬೇಕು, ಕೇಂದ್ರ ಕದಲದು. ನೆಲದ ಮೇಲಿರುವಾಗಿನ ಮಾತು ಬೇರೆ. ಅಲ್ಲಿ ತೋಳನ್ನೂ ಮೊಣಕಾಲನ್ನೂ ಎತ್ತಿದರೆ ಕೇಂದ್ರವೂ ಏರುತ್ತದೆ, ಏಕೆಂದರೆ ಒದೆಯಲು ಭೂಮಿಯಿದೆ. ಆ ಶಕ್ತಿಯನ್ನು ಸ್ನಾಯುಗಳು ತೆರುತ್ತವೆ. ಬಾಗಿದ ಓಟದ ಮರ್ಮವೂ ಇದೇ. ಸೈಕಲ್ ಸವಾರನು ತಿರುವಿನಲ್ಲಿ ವಾಲುವಂತೆ ಓಟಗಾರನು ಒಳಕ್ಕೆ ವಾಲಿದಾಗ ಕೇಂದ್ರ ತಗ್ಗುತ್ತದೆ. ನೆಟ್ಟಗಾಗುತ್ತಲೇ ಅದು ಮೇಲ್ಮುಖವಾಗಿ ಚಿಮ್ಮುತ್ತದೆ. ವೇಗವೂ ಕೆಡುವುದಿಲ್ಲ.

ಏರಿದ ಶಕ್ತಿ ಇಳಿಯುವಾಗ ಏನಾಗುತ್ತದೆ? ಅಪಾಯವಿದ್ದುದು ಅಲ್ಲಿಯೇ. ಗುರುತ್ವ ಕೇಂದ್ರವು ಒಂದೂವರೆ ಮೀಟರ್ ಕುಸಿದರೆ ಸಾವಿರ ಜೌಲ್‌ಗೂ ಹೆಚ್ಚು ಶಕ್ತಿ ಎಲ್ಲಿಯಾದರೂ ತಂಗಲೇಬೇಕು. ಹೊಟ್ಟೆಯ ಮೇಲೆ ಉರುಳುವವನಿಗೆ ಕೈಕಾಲುಗಳ ಆಸರೆಯಿತ್ತು. ಬೆನ್ನಡಿಯಾಗಿ ಬರುವವನು ನೆಲ ಸೇರುವುದು ಹೆಗಲು, ಕುತ್ತಿಗೆಗಳ ಮೇಲೆ. ಹಿಂದಿನ ಮರಳು, ಮರದ ಹೊಟ್ಟಿನ ಗುಂಡಿಗಳಲ್ಲಿ ಇಂತಹ ಸಾಹಸ ಕತ್ತು ಮುರಿಯುವ ದಾರಿಯೇ ಸರಿ. ಫಾಸ್‌ಬರಿಯ ಅದೃಷ್ಟಕ್ಕೆ ಆ ಕಾಲದಲ್ಲಿಯೇ ನೊರೆರಬ್ಬರಿನ ದಪ್ಪ ಹಾಸುಗೆಗಳು ಬಳಕೆಗೆ ಬರತೊಡಗಿದ್ದವು. ಅವು ತಗ್ಗುತ್ತ ತಗ್ಗುತ್ತ ಆ ಶಕ್ತಿಯನ್ನು ನುಂಗಿಕೊಳ್ಳುತ್ತವೆ. ಹಾಸುಗೆ ಬಾರದೆ ಇದ್ದಿದ್ದರೆ ಈ ವಿದ್ಯೆ ಆ ಊರಿನಲ್ಲಿಯೇ ಮಣ್ಣುಗೂಡುತ್ತಿತ್ತೇನೋ. ಅದೇ ದಶಕದಲ್ಲಿ ಕೆನಡಾದ ಡೆಬಿ ಬ್ರಿಲ್ ಎಂಬ ಹುಡುಗಿಯೂ ತನ್ನಷ್ಟಕ್ಕೆ ತಾನೇ ಇಂತಹುದೇ ನೆಗೆತವನ್ನು ಕಂಡುಕೊಂಡಿದ್ದಳು.

ಹಳೆಯ ಪದ್ಧತಿ ಅಷ್ಟು ಸುಲಭವಾಗಿ ಸೋಲೊಪ್ಪಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 40 ಸ್ಪರ್ಧಿಗಳ ಪೈಕಿ 28 ಮಂದಿ ಬೆನ್ನಿನ ಮೇಲೆ ಹಾರಿದರೂ ಚಿನ್ನ ಗೆದ್ದ ಸೋವಿಯೆತ್ ದೇಶದ ಯೂರಿ ತರ್ಮಾಕ್ ಹೊಟ್ಟೆಯಡಿಯಾಗಿಯೇ ದಾಟಿದವನು. ಅವನ ದೇಶದವನೇ ಆದ ವ್ಲಾದಿಮಿರ್ ಯಾಶ್ಚೆಂಕೋ 1978ರಲ್ಲಿ ಅದೇ ರೀತಿಯಲ್ಲಿ 2.34 ಮೀಟರ್ ಹಾರಿ ವಿಶ್ವದಾಖಲೆ ಬರೆದನು. ಆಮೇಲೆ ಹಾಗಾಗಲಿಲ್ಲ. 1993ರಲ್ಲಿ ಕ್ಯೂಬಾದ ಹಾವಿಯೆರ್ ಸೊತೊಮಾಯೋರ್ 2.45 ಮೀಟರ್ ದಾಟಿದುದು ಬೆನ್ನಿನ ಮೇಲೆಯೇ. 2012ರಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಹಾರಿ ಭಾರತದ ಮಹಿಳಾ ದಾಖಲೆ ಸ್ಥಾಪಿಸಿದ ಕರ್ನಾಟಕದ ಸಹನಾ ಕುಮಾರಿಯದೂ ಅದೇ ಮಾರ್ಗ.

ಫಾಸ್‌ಬರಿ ಮುಂದೆ ಸಿವಿಲ್ ಇಂಜಿನಿಯರ್ ಆದನು. ಆದರೆ 1963ರ ಆ ಪಂದ್ಯದ ದಿನ ಹದಿನಾರರ ಹುಡುಗನ ಬಳಿ ಯಾವ ಲೆಕ್ಕವೂ ಇರಲಿಲ್ಲ. ಸೊಂಟ ಪಟ್ಟಿಗೆ ತಗಲಬಾರದೆಂಬ ಹಟವೊಂದೇ ಇತ್ತು. 2023ರ ಮಾರ್ಚ್‌ನಲ್ಲಿ, 76ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು.