ಹಳ್ಳದ ನೀರಿನ ಬಾಟಲಿ ಕಪ್ಪಾದರೆ...

ಕೆರೆಯ ನೀರು, ಹಳ್ಳದ ನೀರು, ಬೀದಿಯ ಕೊಳವೆಬಾವಿಯ ನೀರು ಎಂದು ಚೀಟಿ ಅಂಟಿಸಿದ ಬಾಟಲಿಗಳನ್ನು ಹಿಡಿದು ನಿಮ್ಮ ಮಗಳು ಶಾಲೆಯಿಂದ ಮನೆಗೆ ಬಂದಿದ್ದಾಳೆಯೇ? ಗದರಿಸಿ ಎಸೆಯಬೇಡಿ. 1993ರಲ್ಲಿ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಆರಂಭವಾದಂದಿನಿಂದ, ತಮ್ಮೂರಿನ ಸಮಸ್ಯೆಯನ್ನೇ ಅಧ್ಯಯನ ಮಾಡಿ ಬೇರೆ ಊರಿನ ಮಕ್ಕಳ ಮುಂದೆ ಮಂಡಿಸುವ ರೂಢಿ ನಮ್ಮ ಶಾಲೆಗಳಲ್ಲಿ ಬೆಳೆದಿದೆ. ಅವರು ಕಂಡುಕೊಂಡದ್ದು ಮನೆಯ ಆರೋಗ್ಯಕ್ಕೂ ಸಂಬಂಧಿಸಿದ್ದು.

ಇಂಥ ಅಧ್ಯಯನಕ್ಕೆ ಶಾಲೆಗಳಲ್ಲಿ ಬಳಕೆಯಾಗುವ ಸುಲಭ ವಿಧಾನವೆಂದರೆ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆ. ಇದು ನಮ್ಮ ದೇಶದ್ದೇ. ಮಂಜಾ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು ಇದನ್ನು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಔಷಧ ಲೇಪಿಸಿದ ಕಾಗದವಿರುವ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದೊಂದಿಗೆ ನೀರಿಗೆ ಸೇರುವ ಕೆಲವು ಬ್ಯಾಕ್ಟೀರಿಯಾಗಳು ಕೆಟ್ಟ ಮೊಟ್ಟೆಯ ವಾಸನೆಯ ಅನಿಲವನ್ನು ಉಂಟುಮಾಡುತ್ತವೆ. ಅದು ಕಾಗದದಲ್ಲಿರುವ ಕಬ್ಬಿಣದ ಲವಣದೊಡನೆ ಸೇರಿದಾಗ ನೀರು ಕಪ್ಪಾಗುತ್ತದೆ.

ಕಪ್ಪಾದರೆ ಆ ನೀರಿಗೆ ಮಲದ ಸಂಪರ್ಕವಾಗಿದೆ ಎಂದೇ ತಿಳಿದು ನಡೆದುಕೊಳ್ಳಿ. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಬರುವುದು ಇದೇ ದಾರಿಯಿಂದ. ನೀರು ಕೊತಕೊತನೆ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಕುಡಿಯಿರಿ. ಕಣ್ಣಿಗೆ ತಿಳಿಯಾಗಿ ಕಂಡ ಬಾವಿಯ ನೀರು ಕಪ್ಪಾಗಿ, ಕೆಂಪಗಿನ ಕೆರೆ ನೀರು ಹಾಗೆಯೇ ಉಳಿದರೆ ಆಶ್ಚರ್ಯಪಡಬೇಕಿಲ್ಲ. ಬಣ್ಣ ಮಣ್ಣಿನದು, ರೋಗಾಣು ಕಣ್ಣಿಗೆ ಕಾಣದು.

ಕಪ್ಪಾಗದಿದ್ದರೆ ನಿಶ್ಚಿಂತೆಯೇ? ಅಲ್ಲ. ಈ ಬಾಟಲಿ ಫ್ಲೋರೈಡನ್ನಾಗಲಿ ನೈಟ್ರೇಟನ್ನಾಗಲಿ ತೋರಿಸುವುದಿಲ್ಲ. ಕೋಲಾರ, ಪಾವಗಡದ ಕಡೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಕಾಟ ಹಳೆಯದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಾಗ 1.5ರವರೆಗೆ ಅನುಮತಿ ಇದೆ ಎನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ ಇವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ. ಇದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಒಂದು ಬಾಟಲಿಯಿಂದ ಹೆಚ್ಚೇನೂ ತಿಳಿಯದು. ಹಳ್ಳ ಊರನ್ನು ಸೇರುವ ಮೊದಲು ಒಂದು, ಊರು ದಾಟಿದ ಮೇಲೆ ಒಂದು, ಮೊದಲ ಮಳೆಯ ಮರುದಿನ ಮತ್ತೊಂದು ಬೇಕು. ಒಂದೇ ಹಳ್ಳದ ದಡದ ಎರಡು ಮೂರು ಶಾಲೆಗಳ ಮಕ್ಕಳು ತಮ್ಮ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕೊಳಚೆ ಎಲ್ಲಿ ಸೇರುತ್ತಿದೆಯೆಂದು ಊಹಿಸಬಹುದು. ವಸ್ತುಪ್ರದರ್ಶನಗಳಲ್ಲಿ ಬಹುಮಾನ ಥರ್ಮೋಕೋಲಿನ ಮಾದರಿಗೆ ಹೋಗುವುದನ್ನು ನೋಡಿದ್ದೇನೆ. ನನ್ನನ್ನು ಕೇಳಿದರೆ, ದಿನಾಂಕ, ಜಾಗ, ಮಳೆ ಬಂತೋ ಇಲ್ಲವೋ ಎಂದು ಬರೆದಿಟ್ಟ ಮಾಸಲು ನೋಟುಪುಸ್ತಕಕ್ಕೇ ಬಹುಮಾನ ಕೊಡಬೇಕು. ಪಂಚಾಯಿತಿಯ ಮುಂದೆ ಇಡಲು ಬರುವುದು ಅದೇ.

ಮಕ್ಕಳನ್ನು ಒಂಟಿಯಾಗಿ ನೀರಿಗೆ ಇಳಿಸಬೇಡಿ. ಕಾಲಿಗೆ ಗಾಯವಿದ್ದವರು ದಡದಲ್ಲೇ ಇರಲಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ಗಾಯವೇ ಅದಕ್ಕೆ ಬಾಗಿಲು. ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ, ಮಗು ಹಳ್ಳಕ್ಕೆ ಇಳಿದಿತ್ತೆಂದು ವೈದ್ಯರಿಗೆ ತಪ್ಪದೆ ಹೇಳಿ. ಹಿಂದಿರುಗಿದ ಮೇಲೆ ಸೋಪಿನಿಂದ ಕೈಕಾಲು ತೊಳೆಯಲಿ.

ಕಪ್ಪಾದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಲೆಕ್ಕವಿಲ್ಲದಷ್ಟು ಬೆಳೆದಿರುತ್ತದೆ. ಅಡುಗೆಮನೆಯಲ್ಲಿ ಇಡಬೇಡಿ, ಮುಚ್ಚಳ ತೆಗೆದು ಮೂಸಬೇಡಿ. ದೊಡ್ಡವರು ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಅದರೊಳಗೆ ಸುರಿದು, ಅರ್ಧ ಗಂಟೆಯಾದ ಮೇಲೆ ಶೌಚಾಲಯಕ್ಕೆ ಚೆಲ್ಲಬೇಕು. ಆ ಬಾಟಲಿಯನ್ನು ಮನೆಯ ಯಾವ ಉಪಯೋಗಕ್ಕೂ ಮತ್ತೆ ತೆಗೆದುಕೊಳ್ಳಬಾರದು.