ಬಳಸಿದ ಪ್ಯಾರಾಚೂಟಿನ ಖರೀದಿ ಮತ್ತು ಮಾರಾಟ: ಕಾಗದಪತ್ರಗಳನ್ನು ಓದುವ ಬಗೆ

ಪುಣೆಯ ಶೀತಲ್ ಮಹಾಜನ್ ಅವರು 2004ರಲ್ಲಿ ಉತ್ತರ ಧ್ರುವದಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದಾಗ, ಅದು ನಮಗೆಲ್ಲ ಪತ್ರಿಕೆಯಲ್ಲಿ ಓದಿ ಬೆರಗಾಗುವ ಸಂಗತಿಯಾಗಿತ್ತು. ಆದರೆ ವ್ಯಾಸಂಗಕ್ಕೋ ಉದ್ಯೋಗಕ್ಕೋ ಅಮೆರಿಕೆಗೆ ತೆರಳಿದ ಮಗನೋ ಮಗಳೋ ದೂರವಾಣಿಯಲ್ಲಿ, "ಸೆಕೆಂಡ್ ಹ್ಯಾಂಡ್ ಪ್ಯಾರಾಚೂಟ್ ಒಂದನ್ನು ಕೊಳ್ಳುತ್ತಿದ್ದೇನೆ" ಎಂದು ತಿಳಿಸಿದರೆ ತಂದೆತಾಯಿಗಳ ಎದೆ ಝಲ್ಲೆನ್ನುವುದು ಸಹಜ. ಬೇಡವೆಂದು ತಡೆಯುವುದು ಅನೇಕ ವೇಳೆ ನಮ್ಮ ಕೈಯಲ್ಲಿರುವುದಿಲ್ಲ. ಸರಿಯಾದ ಪ್ರಶ್ನೆಗಳನ್ನು ಕೇಳುವುದು ಮಾತ್ರ ಖಂಡಿತವಾಗಿಯೂ ನಮ್ಮ ಕೈಯಲ್ಲಿದೆ.

ಬಳಸಿದ್ದನ್ನು ಕೊಳ್ಳುವುದು ಆ ಕ್ರೀಡೆಯಲ್ಲಿ ತೀರ ಸಾಮಾನ್ಯ. ಹೊಸ ಸಾಮಗ್ರಿಗೆ ಹಲವು ಸಾವಿರ ಡಾಲರುಗಳಾಗುವುದೇ ಇದಕ್ಕೆ ಕಾರಣ. ಹೊರನೋಟಕ್ಕೆ ಬೆನ್ನಿಗೇರಿಸುವ ಒಂದೇ ಚೀಲದಂತೆ ಕಂಡರೂ ಅದರಲ್ಲಿ ನಾಲ್ಕು ಅಂಗಗಳಿವೆ: ಚೀಲ ಹಾಗೂ ದೇಹಕ್ಕೆ ಬಿಗಿಯುವ ಪಟ್ಟಿಗಳು, ಮುಖ್ಯ ಪ್ಯಾರಾಚೂಟ್, ಮೀಸಲು ಪ್ಯಾರಾಚೂಟ್, ಮತ್ತು ಆಪತ್ಕಾಲದಲ್ಲಿ ತಾನಾಗಿಯೇ ಮೀಸಲನ್ನು ಬಿಡಿಸುವ ಸ್ವಯಂಚಾಲಿತ ಸಾಧನ. ನಾಲ್ಕರ ತಯಾರಕರೂ ಹುಟ್ಟಿದ ದಿನಾಂಕಗಳೂ ಬೇರೆಬೇರೆಯಾಗಿರಬಹುದು. ಆದುದರಿಂದ ನೋಡಬೇಕಾದದ್ದು ಒಂದು ಜಾತಕವನ್ನಲ್ಲ, ನಾಲ್ಕನ್ನು.

ಇವುಗಳಲ್ಲಿ ಮೀಸಲು ಪ್ಯಾರಾಚೂಟಿನದು ವಿಚಿತ್ರ ಸ್ಥಿತಿ. ಪ್ರಾಣ ಉಳಿಸಬೇಕಾದ ವಸ್ತು ಅದೇ; ಕೊಳ್ಳುವವನ ಕಣ್ಣಿಗೆ ಕಾಣದ ವಸ್ತುವೂ ಅದೇ. ಅದನ್ನು ಮಡಚಿ, ಕೆಂಪು ದಾರ ಬಿಗಿದು, ಸೀಸದ ಪುಟ್ಟ ಮುದ್ರೆ ಒತ್ತಿರುತ್ತಾರೆ. ಅಮೆರಿಕದ ಒಕ್ಕೂಟ ಸರ್ಕಾರದ ವಿಮಾನಯಾನ ನಿಯಮದಂತೆ ಈ ಕೆಲಸವನ್ನು ಪ್ರಮಾಣಪತ್ರ ಪಡೆದ ರಿಗ್ಗರ್ ಎಂಬ ತಜ್ಞನೇ ಮಾಡಬೇಕು. ಕೃತಕ ನೂಲಿನ ಮೀಸಲಾದರೆ ಜಿಗಿತಕ್ಕೆ ಹಿಂದಿನ 180 ದಿನಗಳೊಳಗೆ ಮಾಡಿರಬೇಕು. ಡಿಸೆಂಬರ್ 2008ರವರೆಗೆ ಈ ಅವಧಿ 120 ದಿನಗಳಾಗಿತ್ತು. ಮುದ್ರೆ ಒಡೆದು ಒಳಗೆ ನೋಡಿದರೆ ಮತ್ತೆ ರಿಗ್ಗರನಿಂದ ಕಟ್ಟಿಸಲೇಬೇಕು. ಹೀಗಾಗಿ ಮುಚ್ಚಿದ ಚೀಲದ ಒಳಗೆ ಇಣುಕಲು ಇರುವ ಕಿಟಕಿ ಎಂದರೆ ಅದರ ಜೇಬಿನಲ್ಲಿರುವ ಅಂಗೈಯಗಲದ ಕಾರ್ಡು.

ಪ್ರತಿಸಲ ಕಟ್ಟಿದಾಗಲೂ ರಿಗ್ಗರನು ಈ ಕಾರ್ಡಿನಲ್ಲಿ ದಿನಾಂಕ, ಸ್ಥಳ, ತಪಾಸಣೆಯಲ್ಲಿ ಕಂಡ ದೋಷಗಳು, ತನ್ನ ಹೆಸರು ಹಾಗೂ ಪ್ರಮಾಣಪತ್ರದ ಸಂಖ್ಯೆಯನ್ನು ಬರೆಯಬೇಕು. ಓದುವವನು ಕೊನೆಯ ಸಾಲನ್ನಷ್ಟೇ ನೋಡಿ ತೃಪ್ತನಾಗಬಾರದು. ನಡುವೆ ಮೂರು ವರ್ಷ ನಮೂದುಗಳಿಲ್ಲವೆಂದರೆ ಅದು ಅಪರಾಧವೇನಲ್ಲ, ಒಡೆಯನು ಜಿಗಿಯದೇ ಇದ್ದಿರಬಹುದು. ಆದರೆ ಆ ಮೂರು ವರ್ಷ ಚೀಲವು ತಣ್ಣನೆಯ ಕಪಾಟಿನಲ್ಲಿತ್ತೋ, ಬಿಸಿಲಿಗೆ ಕಾಯುವ ಕಾರಿನ ಡಿಕ್ಕಿಯಲ್ಲಿತ್ತೋ ಎಂದು ಕೇಳಲೇಬೇಕು.

ಬಿಚ್ಚದೆಯೇ ಕಾರ್ಡಿಗೆ ಸಹಿ ಹಾಕುವ ಕೆಟ್ಟ ಚಾಳಿಗೆ ಅಲ್ಲಿನವರು 'ಪೆನ್ಸಿಲ್ ಪ್ಯಾಕಿಂಗ್' ಎಂಬ ಹೆಸರನ್ನೇ ಇಟ್ಟಿದ್ದಾರೆ. ಇದಕ್ಕೆ ಒಂದು ಪ್ರತಿಸಾಕ್ಷಿಯುಂಟು. ಪರ್ಫಾರ್ಮೆನ್ಸ್ ಡಿಸೈನ್ಸ್ ಸಂಸ್ಥೆಯ ಮೀಸಲು ಪ್ಯಾರಾಚೂಟುಗಳ ಬಟ್ಟೆಯ ಮೇಲೆಯೇ, ಎಷ್ಟು ಬಾರಿ ಕಟ್ಟಲಾಯಿತು, ಎಷ್ಟು ಬಾರಿ ಬಳಸಲಾಯಿತು ಎಂದು ಗುರುತು ಮಾಡುವ ಚೀಟಿ ಇರುತ್ತದೆ. 40 ಬಾರಿ ಕಟ್ಟಿದ ಅಥವಾ 25 ಬಾರಿ ಬಳಸಿದ ಮೇಲೆ ಅದನ್ನು ತಪಾಸಣೆಗಾಗಿ ಕಾರ್ಖಾನೆಗೆ ಕಳುಹಿಸಬೇಕೆಂಬುದು ತಯಾರಕರ ಕಟ್ಟಳೆ. ಕಾರ್ಡಿನಲ್ಲಿ ಹನ್ನೆರಡು ನಮೂದುಗಳಿದ್ದು ಒಳಗಿನ ಚೀಟಿಯಲ್ಲಿ ಏಳೇ ಗುರುತುಗಳಿದ್ದರೆ, ಆ ವ್ಯತ್ಯಾಸಕ್ಕೆ ಮಾರುವವನು ಉತ್ತರ ಹೇಳಬೇಕಾಗುತ್ತದೆ. ಇದನ್ನು ಕೊಳ್ಳುವವನ ರಿಗ್ಗರನೇ ಬಿಚ್ಚಿ ನೋಡಬೇಕು. ಮಾರುವವನ ಸ್ನೇಹಿತನಾದ ರಿಗ್ಗರನಲ್ಲ.

ಇನ್ನೊಂದು ಮಾತು. ರಿಗ್ಗರನು ತನ್ನ ದಾಖಲೆಗಳನ್ನು ಕಡ್ಡಾಯವಾಗಿ ಕಾಯ್ದಿಡಬೇಕಾದ ಅವಧಿ ಎರಡೇ ವರ್ಷ. ಕಾರ್ಡು ತುಂಬಿ ಹೊಸದು ಬಂದಾಗ ಹಳೆಯದನ್ನು ಬಿಸಾಡಿದರೆ ಅದರೊಂದಿಗೆ ಆ ಪ್ಯಾರಾಚೂಟಿನ ಪೂರ್ವೇತಿಹಾಸವೂ ಕಸದ ಬುಟ್ಟಿ ಸೇರಬಹುದು. ಹಳೆಯ ಕಾರ್ಡುಗಳನ್ನು ಜೋಪಾನ ಮಾಡಿದ ಮಾರಾಟಗಾರನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲವೆಂದೇ ನನ್ನ ಅಭಿಪ್ರಾಯ.

ಒಡೆತನದ ಪ್ರಶ್ನೆ ಬೇರೆಯದೇ. ಕಾರಿಗೆ ಆರ್‌.ಸಿ. ಪುಸ್ತಕವಿದೆ, ಊರಿನ ಜಮೀನಿಗೆ ಪಹಣಿಯಿದೆ, ಮುಂಬಯಿಯ ಫ್ಲ್ಯಾಟಿಗೆ ಸೊಸೈಟಿಯ ಶೇರ್ ಸರ್ಟಿಫಿಕೇಟಿದೆ. ಪ್ಯಾರಾಚೂಟಿಗೆ ಅಂತಹ ಸರ್ಕಾರಿ ನೋಂದಣಿ ಇಲ್ಲ. ಆದುದರಿಂದ ಪ್ರತಿಯೊಂದು ಅಂಗದ ಕ್ರಮಸಂಖ್ಯೆ ಮತ್ತು ತಯಾರಿಕೆಯ ದಿನಾಂಕವನ್ನು ಹೆಸರಿಸಿದ, ಇಬ್ಬರೂ ಸಹಿ ಮಾಡಿದ ಮಾರಾಟಪತ್ರವೇ ಮುಂದಿನ ಆಧಾರ. ಕಾರ್ಡಿನಲ್ಲಿರುವ ಸಂಖ್ಯೆಯೂ ಬಟ್ಟೆಯ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಬೇರೆಯಾದರೆ ಕಾರ್ಡು ಮತ್ತಾವುದೋ ಪ್ಯಾರಾಚೂಟಿನ ಕಥೆ ಹೇಳುತ್ತಿದೆಯೆಂದೇ ಅರ್ಥ.

ಇದೇ ಸಂಖ್ಯೆಗಳಿಂದ ಮತ್ತೊಂದು ಉಪಯೋಗವಿದೆ. ದೋಷ ಕಂಡುಬಂದಾಗ ತಯಾರಕರು ಸರ್ವಿಸ್ ಬುಲೆಟಿನ್ ಹೊರಡಿಸಿ, ಇಂತಿಂತಹ ಸಂಖ್ಯೆಯವು, ಇಂತಹ ದಿನಾಂಕದ ನಡುವಿನವು ಎಂದು ತಿಳಿಸುತ್ತಾರೆ. 1980ರ ದಶಕದಲ್ಲಿ ತಯಾರಾದ ಕೆಲವು ಗುಂಡಗಿನ ಮೀಸಲು ಪ್ಯಾರಾಚೂಟುಗಳಲ್ಲಿ ಬಲೆಯಂತಹ ಜಾಲರಿಯ ಆಮ್ಲಗುಣವು ಪಕ್ಕದ ನೈಲಾನ್ ಬಟ್ಟೆಯನ್ನು ಸದ್ದಿಲ್ಲದೆ ದುರ್ಬಲಗೊಳಿಸಿತು. ಕಣ್ಣಿಗೆ ಏನೂ ಕಾಣದು. ಬಣ್ಣ ಬದಲಿಸುವ ದ್ರಾವಣದಿಂದ ಆಮ್ಲವನ್ನು ಪರೀಕ್ಷಿಸಿ, ಬಟ್ಟೆಯನ್ನು ನಿಗದಿತ ಬಲದಿಂದ ಎಳೆದು ನೋಡಿ ದಾಖಲಿಸಬೇಕಾಯಿತು. ಬುಲೆಟಿನ್ ಪಾಲಿಸಲಾಗಿದೆ ಎಂಬ ನಮೂದು ಕಾಣದಿದ್ದರೆ ಪಾಲಿಸಿಲ್ಲವೆಂದು ಭಾವಿಸುವುದೇ ಕ್ಷೇಮ.

ಸ್ವಯಂಚಾಲಿತ ಸಾಧನದ ವಿಷಯದಲ್ಲಿ ತಯಾರಿಕೆಯ ದಿನಾಂಕವೇ ಬೆಲೆಯನ್ನು ನಿರ್ಧರಿಸುತ್ತದೆ. ಜರ್ಮನಿಯ ಏರ್‌ಟೆಕ್ ಸಂಸ್ಥೆ 1991ರಲ್ಲಿ ಹೊರತಂದ ಸೈಪ್ರೆಸ್ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ಎರಡನೆಯ ಪೀಳಿಗೆಗೆ ಮೊದಲು ನಿಗದಿಯಾದ ಆಯುಷ್ಯ 12.5 ವರ್ಷ, ನಂತರ ತಯಾರಾದವಕ್ಕೆ 15.5 ವರ್ಷ. ತಯಾರಕರ ಸೂಚನೆಯಂತೆಯೇ ಸಾಧನವನ್ನು ನಿರ್ವಹಿಸಬೇಕೆಂದು ಅಮೆರಿಕದ ನಿಯಮ ಹೇಳುವುದರಿಂದ, ಆಯುಷ್ಯ ತೀರಿದ ಸಾಧನಕ್ಕೆ ಬೆಲೆಯಿಲ್ಲ.

ಮುಖ್ಯ ಪ್ಯಾರಾಚೂಟನ್ನು ಜಿಗಿಯುವವನೇ ಮಡಚಿಕೊಳ್ಳಬಹುದು. ಅದರ ಜಿಗಿತಗಳ ಲೆಕ್ಕಕ್ಕೆ ಮಾರುವವನ ಮಾತು, ಅವನ ಜಿಗಿತದ ದಿನಚರಿ, ಹಗ್ಗಗಳನ್ನು ಬದಲಿಸಿದ ರಸೀದಿ, ಇಷ್ಟೇ ಆಧಾರ.

ಮಾರುವವರಿಗೂ ಕರ್ತವ್ಯವಿದೆ. ನೀರಿನಲ್ಲಿ, ಅದರಲ್ಲೂ ಸಮುದ್ರದಲ್ಲಿ ಇಳಿದದ್ದು, ದುರಸ್ತಿ ಮಾಡಿಸಿದ್ದು, ಮೀಸಲನ್ನು ಬಳಸಬೇಕಾಗಿ ಬಂದದ್ದು, ಎಲ್ಲವನ್ನೂ ಮಾರಾಟಪತ್ರದಲ್ಲಿಯೇ ಬರೆದುಕೊಡುವುದು ಲೇಸು. ಹಣದ ವ್ಯವಹಾರಕ್ಕೆ ಒಂದು ಅನುಕೂಲವಾದ ದಾರಿಯೆಂದರೆ, ಸಾಮಗ್ರಿಯನ್ನು ಕೊಳ್ಳುವವನ ರಿಗ್ಗರನಿಗೆ ಕಳುಹಿಸಿ, ಆತನ ಲಿಖಿತ ವರದಿ ಕೈಸೇರಿದ ಮೇಲೆ ಹಣ ಪಾವತಿಸುವುದು. ವರದಿ ಪ್ರತಿಕೂಲವಾದರೆ ಹಿಂದಕ್ಕೆ ಕಳುಹಿಸುವ ವೆಚ್ಚ ಯಾರದೆಂಬುದನ್ನು ಮುಂಚಿತವಾಗಿಯೇ ಬರೆದಿಟ್ಟುಕೊಳ್ಳಬೇಕು.